ಲೈಪೋಸೋಮಲ್ ಇಂಜೆಕ್ಷನ್: ಜಮಖಂಡಿಯವರ ಪ್ರಶ್ನೆಗೆ

ಅವ್ವನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ, ಬೆಳಗಾವಿಯ ಡಾಕ್ಟರು ಲೈಪೋಸೋಮಲ್ ಡಾಕ್ಸೋರುಬಿಸಿನ್ ಬರೆದಿದ್ದಾರೆ, ಇದು ನ್ಯಾನೋ ಔಷಧಿಯ ಪ್ರಯೋಗನಾ ಅಂತ ಕೇಳಿದ್ದೀರಿ. ನ್ಯಾನೋ ಹೌದು, ಪ್ರಯೋಗ ಅಲ್ಲ. ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ 1999ರಲ್ಲೇ ಒಪ್ಪಿಗೆ ಸಿಕ್ಕಿದೆ.

ಡಾಕ್ಸೋರುಬಿಸಿನ್ ಅನ್ನೋ ಹಳೆಯ ಕೆಂಪು ಕೀಮೋ ಔಷಧಿಯನ್ನೇ ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಗುಳ್ಳೆಯೊಳಗೆ (ಲೈಪೋಸೋಮ್) ತುಂಬಿರುತ್ತಾರೆ. ಗಡ್ಡೆಯ ರಕ್ತನಾಳಗಳಲ್ಲಿ ಸಂದು ಜಾಸ್ತಿ, ಅಲ್ಲಿಂದ ಗುಳ್ಳೆ ಒಳಗೆ ನುಸುಳುತ್ತದೆ. ಗುಳ್ಳೆಯಿಲ್ಲದ ಹಳೆಯ ಔಷಧಿಗಿಂತ ಹೃದಯಕ್ಕೆ ಪೆಟ್ಟು ಕಡಿಮೆ, ಕೂದಲೂ ಅಷ್ಟಾಗಿ ಉದುರಲ್ಲ. ಆದರೆ ಗಡ್ಡೆಗೆ ಮಾತ್ರ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಔಷಧಿ ಚರ್ಮಕ್ಕೂ ಇಳಿಯುತ್ತದೆ. ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು, ಸುಲಿಯಬಹುದು. ಬಿಸಿ ಮತ್ತು ತಿಕ್ಕಾಟದಿಂದ ಅದು ಹೆಚ್ಚಾಗುತ್ತದೆ. ಹಾಗಾಗಿ ಇಂಜೆಕ್ಷನ್ ಆದ ಮೊದಲ ವಾರ ಅವ್ವ ಬಿಸಿ ಎಸರಿನಲ್ಲಿ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯೋದು ಬೇಡವೇ ಬೇಡ. "ಸುಮ್ನೆ ಎರಡೇ ರೊಟ್ಟಿ" ಅಂದರೂ ಬಿಡಬೇಡಿ. ಬಿಗಿ ಚಪ್ಪಲಿಯೂ ಬೇಡ, ಬಿಸಿಲಲ್ಲಿ ಬರಿಗಾಲೂ ಬೇಡ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳಿದರೆ ತಪ್ಪಿಸಬೇಡಿ. ಡ್ರಿಪ್ ಹಾಕುವಾಗ ಎದೆ ಬಿಗಿದರೆ, ಬೆನ್ನು ನೋವು ಬಂದರೆ ಅವ್ವ ತಡೆದುಕೊಳ್ಳದೆ ತಕ್ಷಣ ನರ್ಸ್‌ಗೆ ಹೇಳಲಿ.