ಕಾರವಾರದಲ್ಲಿ ಮುಗೊ ಪೈನ್ ಬೋನ್ಸಾಯ್ ಮಾಡಬಹುದಾ? ಯಾವಾಗ, ಎಷ್ಟು ಕತ್ತರಿಸಬೇಕು?

ನೀವು ಕೇಳಿದ್ದು ಇಷ್ಟು: ಮನೆ ಕಾರವಾರದಲ್ಲಿ, ಸಮುದ್ರದ ಹತ್ತಿರ. ವಿಡಿಯೋದಲ್ಲಿ ಮುಗೊ ಪೈನ್ (ಯುರೋಪಿನ ಚಳಿ ಬೆಟ್ಟದ ಕುಳ್ಳ ಪೈನ್) ಬೋನ್ಸಾಯ್, ಅಂದರೆ ಕುಂಡದಲ್ಲಿ ಪುಟ್ಟದಾಗಿ ಬೆಳೆಸಿದ ಮರ, ನೋಡಿ ಮನಸ್ಸಾಗಿದೆ. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ಸಿಗ್ತಾ ಇದೆ. ತರಿಸಿದರೆ ಗಿಡವನ್ನು ಯಾವಾಗ ಕತ್ತರಿಸಬೇಕು, ಹೇಗೆ ಬೆಳೆಸಬೇಕು?

ಮೊದಲೇ ಹೇಳಿಬಿಡ್ತೇನೆ, ತರಿಸಬೇಡಿ. ಆ ಪೊಟ್ಟಣ ನಾನೂ ತರಿಸಿದ್ದೆ. ಮೂವತ್ತು ಬೀಜದಲ್ಲಿ ಹನ್ನೊಂದು ಮೊಳೆತವು. ನಾಲ್ಕು ಬೆರಳು ಎತ್ತರ ಆಗೋವರೆಗೂ ಚೆಂದ ಇದ್ದವು. ಜೂನ್ ಮಳೆ ಹಿಡಿದು ಎರಡು ವಾರಕ್ಕೆ ಬುಡ ಕಪ್ಪಾಗಿ, ಒಂದರ ಹಿಂದೆ ಒಂದು ಮಲಗಿದವು. ಬೀಜ ಮುಗೊದ್ದೇ ಆಗಿತ್ತೋ ಇಲ್ಲವೋ, ಅದನ್ನು ನೋಡೋಕೂ ಪುರುಸೊತ್ತು ಸಿಗಲಿಲ್ಲ.

ನಾನು ಈಗ ಕುಮಟಾದಲ್ಲಿದ್ದೇನೆ. ಅದಕ್ಕೂ ಮೊದಲು ಆರು ವರ್ಷ ಕೆಲಸದ ಮೇಲೆ ಜರ್ಮನಿಯ ಬವೇರಿಯಾದಲ್ಲಿದ್ದೆ. ಅಲ್ಲಿ ಇದು ಊರಿನ ಗಿಡ. ಲಾಟ್ಶೆನ್‌ಕೀಫರ್ ಅಂತಾರೆ. ಅದರ ಎಣ್ಣೆಯನ್ನು ಮೈಕೈ ನೋವಿಗೆ ಹಚ್ಚಿಕೊಳ್ತಾರೆ, ನಮ್ಮಲ್ಲಿ ನೀಲಗಿರಿ ಎಣ್ಣೆ ಇದ್ದ ಹಾಗೆ. ಆಲ್ಪ್ಸ್, ಕಾರ್ಪೇಥಿಯನ್ ಬೆಟ್ಟಗಳಲ್ಲಿ ಹೆಚ್ಚಾಗಿ 1000 ಮೀಟರಿನಿಂದ ಮೇಲೆ, ಬೇರೆ ಮರ ನಿಲ್ಲದ ಜಾಗದಲ್ಲಿ, ನೆಲಕ್ಕೆ ಒರಗಿಕೊಂಡು ಬೆಳೆಯುತ್ತದೆ. ತಿಂಗಳುಗಟ್ಟಲೆ ಹಿಮದ ಅಡಿಗಿರುತ್ತದೆ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನನ್ನದೂ ಒಂದಿತ್ತು.

ಕತ್ತರಿಸೋ ವಿಷಯ ಕೇಳಿದ್ದೀರಲ್ಲ, ಅದನ್ನೂ ಹೇಳ್ತೇನೆ. ಯಾಕೆ ಇಲ್ಲಿ ಆಗಲ್ಲ ಅನ್ನೋದು ಅದರಿಂದಲೇ ಗೊತ್ತಾಗುತ್ತದೆ.

ಮುಗೊ ವರ್ಷಕ್ಕೆ ಒಂದೇ ಸಲ ಚಿಗುರುತ್ತದೆ. ಮೇ ಹೊತ್ತಿಗೆ ಪ್ರತಿ ಕೊಂಬೆಯ ತುದಿಯಲ್ಲಿ ಮೇಣದಬತ್ತಿ ನಿಲ್ಲಿಸಿದ ಹಾಗೆ ತಿಳಿ ಚಿಗುರು ಏಳುತ್ತದೆ. ಹೆಸರೂ ಕ್ಯಾಂಡಲ್ ಅಂತಲೇ. ಅದು ಉದ್ದ ಆಗಿ, ಸೂಜಿ (ಪೈನ್‌ನ ಎಲೆ) ಇನ್ನೂ ಬಿಚ್ಚಿಕೊಳ್ಳದೆ ಇರುವಾಗ ದಪ್ಪ ಕ್ಯಾಂಡಲನ್ನು ಬೆರಳಲ್ಲೇ ಅರ್ಧಕ್ಕೆ ಮುರಿಯಬೇಕು. ಬಡಕಲು ಇದ್ದದ್ದನ್ನು ಮುಟ್ಟಬಾರದು. ಮುರಿದಾಗ ಅಂಟು ಬೆರಳಿಗೆ ಹಿಡಿಯುತ್ತದೆ, ಸೋಪಿಗೆ ಹೋಗಲ್ಲ, ಅಡುಗೆ ಎಣ್ಣೆ ಹಚ್ಚಿ ತಿಕ್ಕಬೇಕು. ಒಂದೇ ಜಾಗದಲ್ಲಿ ನಾಲ್ಕೈದು ಚಿಗುರು ಹುಟ್ಟಿದ್ದರೆ ಎರಡು ಉಳಿಸಿ ಬಾಕಿ ತೆಗೆಯಬೇಕು. ಬಿಟ್ಟರೆ ಅಲ್ಲಿ ಗಂಟು ಊದಿಕೊಂಡು, ಮುಂದೆ ಕೊಂಬೆ ಬಗ್ಗಿಸೋಕೆ ಯಾವ ತಂತಿ ಸುತ್ತಿದರೂ ಸರಿ ಆಗಲ್ಲ.

ಇನ್ನೊಂದು, ಹಸಿರು ಸೂಜಿ ಇಲ್ಲದ ಬರೀ ಕಟ್ಟಿಗೆಗೆ ಕತ್ತರಿಸಿದರೆ ಆ ಕೊಂಬೆ ಮತ್ತೆ ಚಿಗುರಲ್ಲ. ದಾಸವಾಳ ಸವರಿದ ಹಾಗೆ ಇದನ್ನು ಸವರೋಕಾಗಲ್ಲ. ಹೊಸ ಮೊಗ್ಗು ಸೂಜಿ ಇರೋ ಜಾಗದಲ್ಲಿ ಮಾತ್ರ ಬರುತ್ತದೆ. ನನ್ನ ಗಿಡದ ಎಡಗಡೆಯ ಚೆಂದದ ಕೊಂಬೆಯನ್ನು ನಾನೇ ಹೀಗೆ ಕೊಂದೆ. ಬೋಳು ಕಂಡರೆ ಹಳೇ ಮರದ ಹಾಗೆ ಕಾಣುತ್ತದೆ ಅಂತ ಸೂಜಿ ಎಲ್ಲ ಕಿತ್ತೆ. ಅದೇ ವರ್ಷ ಬೇರು ಬಿಡಿಸಿ ಕುಂಡ ಬೇರೆ ಬದಲಾಯಿಸಿದ್ದೆ. ಮುಗೊಗೆ ವರ್ಷಕ್ಕೆ ಒಂದು ದೊಡ್ಡ ಪೆಟ್ಟು ಸಾಕು, ಕೊಂಬೆ ಅಥವಾ ಬೇರು. ಎರಡೂ ಬೇಡ. ಬೇರಿನ ಮಣ್ಣನ್ನೂ ಪೂರ್ತಿ ತೊಳೆಯಬಾರದು. ಅರ್ಧ ಭಾಗ ಈಗ, ಇನ್ನರ್ಧ ಎರಡು ಮೂರು ವರ್ಷ ಬಿಟ್ಟು.

ಇನ್ನು ನೀವು ನೋಡಿದ ವಿಡಿಯೋ. ಅದರಲ್ಲಿ ಬೇಸಿಗೆಯಲ್ಲಿ ಕ್ಯಾಂಡಲ್ ಪೂರ್ತಿ ಕತ್ತರಿಸಿದ್ದರೆ, ಅದು ಬಹುಶಃ ಜಪಾನಿನ ಕಪ್ಪು ಪೈನ್. ಅದು ಅದೇ ಬೇಸಿಗೆಯಲ್ಲಿ ಎರಡನೇ ಸಲ ಚಿಗುರುತ್ತದೆ. ಮುಗೊಗೆ ಆ ಲೆಕ್ಕ ಹಾಕಿದರೆ ಮುಗೀತು.

ಈಗ ಕಾರವಾರಕ್ಕೆ ಬನ್ನಿ. ಈ ಒಂದು ಚಿಗುರಿನ ಮೊಗ್ಗು ಹಿಂದಿನ ವರ್ಷವೇ ಕಟ್ಟಿ, ಚಳಿಯಲ್ಲಿ ಮಲಗಿ ಏಳಬೇಕು. ಅದಕ್ಕೆ ವಾರಗಟ್ಟಲೆ ಫ್ರಿಜ್ಜಿನಷ್ಟು ಚಳಿ ಬೇಕು. ನಿಮ್ಮಲ್ಲಿ ಡಿಸೆಂಬರ್ ರಾತ್ರಿಯೂ ಚಾದರ ಸಾಕಾಗುತ್ತದೆ, ಕಂಬಳಿ ಬೇಡ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದ್ದರೂ ಅಲ್ಲೂ ಆಗಲ್ಲ. ಚಳಿ ಸಿಗದ ಗಿಡದ ಮೊಗ್ಗು ಅರೆಬರೆ ಒಡೆಯುತ್ತದೆ. ಸೆಕೆಯ ರಾತ್ರಿಯಲ್ಲಿ ಉಸಿರಾಡಿ ಉಸಿರಾಡಿ, ಹಗಲು ಕೂಡಿಟ್ಟದ್ದನ್ನು ಖಾಲಿ ಮಾಡುತ್ತದೆ. ಅದರ ಮೇಲೆ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಗಿಡವನ್ನೇ ಫ್ರಿಜ್ಜಿನಲ್ಲಿಡೋರೂ ಇದ್ದಾರೆ. ಮನೆಯಲ್ಲಿ ಮೀನು ಇಡೋಕೆ ಜಾಗ ಇಲ್ಲ ಅಂತ ಬೈಸಿಕೊಳ್ಳೋದು ಬೇಡ ಮಾರಾಯ್ರೆ. ವಿದೇಶದಿಂದ ಗಿಡ ತರಿಸೋಕೆ ಆಮದು ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಅಂತೆಲ್ಲ ಕಾಯಿದೆ ಬೇರೆ ಇದೆ.

ನಿಮಗೆ ಬೇಕಾದದ್ದು ಏನು? ಸೂಜಿಯ ಹಾಗೆ ಎಲೆ, ಒರಟು ತೊಗಟೆ, ಗಾಳಿಗೆ ಬಾಗಿದ ಮುದಿ ಮರದ ನೋಟ. ಅಲ್ವಾ? ಅದು ನಿಮ್ಮ ಬೀಚಿನಲ್ಲೇ ನಿಂತಿದೆ. ಗಾಳಿಮರ.

1868ರಲ್ಲಿ ಕಟ್ಟಿಗೆಗೋಸ್ಕರ ಇದನ್ನು ತಂದು ನೆಟ್ಟದ್ದೇ ಕಾರವಾರದ ಮರಳಿನಲ್ಲಿ. ಭಾರತದಲ್ಲಿ ಮೊದಲು ಅಂತ ಅರಣ್ಯದ ಪುಸ್ತಕಗಳಲ್ಲಿ ಇದೆ. ಇದು ಪೈನ್ ಅಲ್ಲ, ಹೂ ಬಿಡೋ ಜಾತಿ. ಒಂದು ಸೂಜಿ ಕಿತ್ತು ಕಣ್ಣಿನ ಹತ್ತಿರ ಹಿಡಿಯಿರಿ. ಅದು ಎಲೆಯೇ ಅಲ್ಲ, ಹಸಿರು ಕಡ್ಡಿ. ಉದ್ದಕ್ಕೂ ಗಿಣ್ಣುಗಳಿವೆ. ಪ್ರತಿ ಗಿಣ್ಣಿನ ಸುತ್ತ ಏಳೆಂಟು ಸಣ್ಣ ಹಲ್ಲು. ಆ ಹಲ್ಲೇ ಎಲೆ. ಚಿಕ್ಕವರಿದ್ದಾಗ ಗಿಣ್ಣಿನಲ್ಲಿ ಎಳೆದು, ಮತ್ತೆ ಸಿಕ್ಕಿಸಿ, ‘ಎಲ್ಲಿ ಮುರಿದಿದೆ ಹೇಳು’ ಅಂತ ಆಡುತ್ತಿದ್ದೆವಲ್ಲ, ನೆನಪಿದೆಯಾ? ಬೋನ್ಸಾಯ್‌ಗೆ ಅದೇ ಆಟ ಬೇಕು. ಕತ್ತರಿಯಲ್ಲಿ ತುದಿ ಕತ್ತರಿಸಿದರೆ ಆ ತುದಿ ಕಂದಾಗಿ ಒಣಗಿ ನಿಲ್ಲುತ್ತದೆ. ಬೆರಳಲ್ಲಿ ಹಿಡಿದು ಎಳೆದರೆ ಗಿಣ್ಣಿಗೆ ಸರಿಯಾಗಿ ಬಿಡುತ್ತದೆ, ಗಾಯ ಕಾಣಲ್ಲ.

ಬೀಚಿನ ತೋಪಿನಿಂದ ಮಾತ್ರ ಕೀಳಬೇಡಿ, ಅದು ಇಲಾಖೆ ನೆಟ್ಟದ್ದು. ಮಳೆಗಾಲದ ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಇಲ್ಲವಾದರೆ ಕಾಂಪೌಂಡಿನ ಸಂದಿಯಲ್ಲಿ ತಾನಾಗಿ ಹುಟ್ಟಿದ್ದನ್ನು ತೆಗೆಯಿರಿ. ಸೀದಾ ಬೋನ್ಸಾಯ್ ತಟ್ಟೆಗೆ ಹಾಕೋದು ಎಲ್ಲರೂ ಮಾಡೋ ತಪ್ಪು. ತಟ್ಟೆಗೆ ಹೋದ ಕಾಂಡ ದಪ್ಪ ಆಗಲ್ಲ. ಎರಡು ವರ್ಷ ಹಿತ್ತಲ ನೆಲದಲ್ಲಿ ಬಿಡಿ, ಆಳೆತ್ತರ ಹೋಗಲಿ. ಬುಡ ಹೆಬ್ಬೆರಳಿಗಿಂತ ದಪ್ಪ ಆದ ಮೇಲೆ ಒಂದಡಿಗೆ ಕತ್ತರಿಸಿ. ಕತ್ತರಿಸೋ ಜಾಗದ ಕೆಳಗೆ ಒಂದೆರಡು ಹಸಿರು ಕೊಂಬೆ ಇರಲೇಬೇಕು. ಗಾಳಿಮರ ಮುಗೊದ ಹಾಗಲ್ಲ, ಹಳೇ ಕಟ್ಟಿಗೆಯಲ್ಲೂ ಚಿಗುರುತ್ತದೆ. ಆದರೆ ಬುಡಕ್ಕೇ ಬೋಳಿಸಿದರೆ ಇದರ ಮೇಲೂ ಭರವಸೆ ಇಡಬೇಡಿ. ಮೇಲಿನ ಕೊಂಬೆಯನ್ನು ತಂತಿಯಿಂದ ನೆಟ್ಟಗೆ ಎತ್ತಿ ಹೊಸ ತುದಿ ಮಾಡಿ. ಅದು ದಪ್ಪ ಆದ ಮೇಲೆ ಮತ್ತೆ ಕತ್ತರಿಸಿ. ಹೀಗೆ ಮೂರ್ನಾಲ್ಕು ಸಲ ಆದರೆ ಬುಡ ದಪ್ಪ, ತುದಿ ಸಣ್ಣ ಅನ್ನೋ ಆಕಾರ ಬರುತ್ತದೆ.

ತಂತಿಗೆ ದುಡ್ಡು ಹಾಕಬೇಡಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹಳೇ ತಾಮ್ರದ ತಂತಿ ಸಿಗುತ್ತದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮೆತ್ತಗಾಗುತ್ತದೆ. ಅಂಗಳದಲ್ಲಿ ಕಾಯಿಸಿ, ವಾರ್ನಿಶ್ ಹೊಗೆ ಕೆಟ್ಟದು. ಕೊಂಬೆ ಪೆನ್ಸಿಲ್‌ಗಿಂತ ದಪ್ಪ ಆಗೋ ಮೊದಲೇ ಸುತ್ತಬೇಕು. ಗಾಳಿಮರದ ಕಟ್ಟಿಗೆ ಕಬ್ಬಿಣ, ಆಮೇಲೆ ಬಗ್ಗಲ್ಲ, ಮುರಿಯುತ್ತದೆ. ಆರು ವಾರಕ್ಕೊಮ್ಮೆ ನೋಡ್ತಾ ಇರಿ. ಮಳೆ ಹಿಡಿಯೋ ಮೊದಲು ಎಲ್ಲ ಬಿಚ್ಚಿ. ಒಂದು ಜೂನಿನಲ್ಲಿ ಮರೆತು ಬಿಟ್ಟಿದ್ದೆ, ಆಗಸ್ಟಿಗೆ ತಂತಿ ತೊಗಟೆಯೊಳಗೆ ಹೂತು ಹೋಗಿತ್ತು. ಆ ಸುರುಳಿ ಗುರುತು ಇವತ್ತಿಗೂ ಇದೆ.

ಕುಂಡಕ್ಕೆ ಚಿರೆಕಲ್ಲಿನ ಪುಡಿ ಜರಡಿ ಹಿಡಿದು, ನೆಲಗಡಲೆ ಗಾತ್ರದ ಚೂರು ಎರಡು ಪಾಲು, ದಪ್ಪ ಮರಳು ಒಂದು, ಹಳೇ ಗೊಬ್ಬರ ಒಂದು. ಧೂಳು ಚೆಲ್ಲಿ. ಸಮುದ್ರದ ಮರಳು ಬೇಡ. ಏಪ್ರಿಲ್‌ನಲ್ಲಿ ಕುಂಡ ಬದಲಿಸುವಾಗ ಬೇರಿನಲ್ಲಿ ಗಂಟು ಗಂಟು ಕಂಡರೆ ರೋಗ ಅಂತ ಕೀಳಬೇಡಿ. ಅದರೊಳಗಿನ ಫ್ರಾಂಕಿಯಾ ಅನ್ನೋ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಆ ಹಳೇ ಮಣ್ಣು ಒಂದು ಹಿಡಿ ಹೊಸ ಕುಂಡಕ್ಕೂ ಹಾಕಿ.

ಬಿಸಿಲು ಪೂರ್ತಿ ಬೇಕು. ನೆರಳಾದರೆ ಒಳಗಿನ ಕಡ್ಡಿ ಹಳದಿಯಾಗಿ ಉದುರುತ್ತದೆ. ನೀರು ತಪ್ಪಿಸಬೇಡಿ, ಮರಳಿನಲ್ಲಿ ನಿಲ್ಲೋ ಮರ ಅಂತ ಸುಮ್ನೆ ಬಿಟ್ಟರೆ ಕುಂಡದಲ್ಲಿ ಒಂದೇ ದಿನಕ್ಕೆ ಒಣಗುತ್ತದೆ. ಮೇ ತಿಂಗಳಲ್ಲಿ ಬಾವಿ ನೀರು ಸ್ವಲ್ಪ ಉಪ್ಪಾದರೂ ಇದು ತಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಮಾಡಿನ ನೀರು ಬೀಳೋ ಜಾಗದಿಂದ ಸರಿಸಿದರೆ ಸಾಕು.

ಗಿಡ ಸಿಕ್ಕಿದ ಮೇಲೆ ಇಲ್ಲೇ ಫೋಟೋ ಹಾಕಿ, ಯಾವ ಕೊಂಬೆ ಇಡೋದು ಅಂತ ನೋಡೋಣ. ಬುಡದ ಮಣ್ಣು ಎರಡು ಬೆರಳು ಕೆರೆದು, ಬೇರು ಶುರುವಾಗೋ ಜಾಗ ಕಾಣೋ ಹಾಗೆ ತೆಗೆಯಿರಿ. ಮೇಲಿನ ಹಸಿರು ಮಾತ್ರ ಇದ್ದರೆ ಏನೂ ಹೇಳೋಕಾಗಲ್ಲ.