ಹಿಂದೆ ಹಳ್ಳಿಗಳಲ್ಲಿ ಪರಊರಿನವರು ಎಲ್ಲಿ ತಂಗುತ್ತಿದ್ದರು? ಹಳ್ಳಿ ಹೋಟೆಲುಗಳು ಯಾವಾಗ ಬಂದವು?

ಕೊಪ್ಪಳ ಜಿಲ್ಲೆಯ ಗಂಗಾವತಿ ಸುತ್ತಲಿನ ನಮ್ಮಂಥ ಹಳ್ಳಿಗಳ ಮಟ್ಟಿಗೆ ಹೇಳುತ್ತೇನೆ. ದುಡ್ಡು ಕೊಟ್ಟು ಮಲಗುವ ಜಾಗ ಅಂತ ಇಲ್ಲಿ ಇರಲೇ ಇಲ್ಲ. ಬಂದವರು ಅಗಸಿ (ಊರ ಬಾಗಿಲು) ಕಟ್ಟೆ ಮೇಲೋ, ಹಣಮಪ್ಪನ ಗುಡಿಯಲ್ಲೋ, ಮಠದಲ್ಲೋ ರಾತ್ರಿ ಕಳೆಯುತ್ತಿದ್ದರು. ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ಇಲ್ಲದವರಿಗೆ ಮಠದ ದಾಸೋಹ, ಇಲ್ಲವೇ ಯಾರದೋ ಮನೆಯ ರೊಟ್ಟಿ. ಯಾರ ಮನೆಯದು ಎಂಬುದು ಜಾತಿ ಮೇಲೆ ನಿಂತಿತ್ತು. ಅದನ್ನು ಮುಚ್ಚಿಟ್ಟು ಹಿಂದಿನವರ ಅತಿಥಿ ಸತ್ಕಾರವನ್ನು ಹಾಡಿ ಹೊಗಳುವುದು ನನಗೆ ಸೇರುವುದಿಲ್ಲ.

ರೈಲಿನಿಂದ ಹಳ್ಳಿಗೆ ಹೆಚ್ಚೇನೂ ಆಗಲಿಲ್ಲ. ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ 1871ರಲ್ಲೇ ಕೂಡಿದವು ನಿಜ, ಆದರೆ ಖಾನಾವಳಿ, ಲಾಡ್ಜು ಎಲ್ಲ ಸ್ಟೇಷನ್ ಇದ್ದ ಊರುಗಳ ಪಾಲಾದವು.

ನಮ್ಮನ್ನು ಬದಲಿಸಿದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಯಾದವು. ಆಂಧ್ರದಿಂದ ಬಂದ ರೈತರು ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಕ್ಯಾಂಪುಗಳನ್ನು, ಅಂದರೆ ತಮ್ಮದೇ ಸಣ್ಣ ಊರುಗಳನ್ನು, ಕಟ್ಟಿಕೊಂಡರು. ನಾಟಿಯ ಕೂಲಿಯವರು, ಲಾರಿಯವರು, ರೈಸ್ ಮಿಲ್ಲಿನ ಹಮಾಲರು, ಇವರಿಗೆಲ್ಲ ನಸುಕಿನಲ್ಲೇ ಚಹಾ ಬೇಕು, ಹೊಟ್ಟೆಗೆ ಏನಾದರೂ ಬೇಕು. ಬಸ್ಸು ನಿಲ್ಲುವಲ್ಲಿ ತಗಡಿನ ಹೋಟೆಲು ಎದ್ದದ್ದು ಹಾಗೆ.

ಅಲ್ಲಿನ ರಾಜ ಒಗ್ಗರಣೆ-ಮಿರ್ಚಿ. ಮಂಡಾಳನ್ನು (ಮಂಡಕ್ಕಿ) ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಾಡಿದ ಬಾಣಲೆಗೆ ಹಾಕಿ ತಿರುವಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪೇಪರ್ ತುಂಡಿನ ಮೇಲೆ ಎರಡು ಬಿಸಿ ಮಿರ್ಚಿ ಜೊತೆ ಕೊಡುತ್ತಾರೆ. (ಬೆಂಗಳೂರಿನಲ್ಲಿ ಸಿಗುವುದನ್ನು ಒಗ್ಗರಣೆ ಅನ್ನಬೇಡಿ.) ಭತ್ತದ ರೇಟು, ಆಳು ಗೊತ್ತು ಮಾಡುವುದು, ಎಲೆಕ್ಷನ್ ಲೆಕ್ಕಾಚಾರ, ಕಟ್ಟೆಯ ಮಾತೆಲ್ಲ ಬೆಂಚಿಗೆ ಬಂತು. ಹೆಂಗಸರು ಮಾತ್ರ ಈಗಲೂ ಕೂರುವುದು ಅಪರೂಪ, ಪಾರ್ಸೆಲ್ ತರಿಸಿಕೊಳ್ಳುತ್ತಾರೆ.

ಬೈಕು ಬಂದ ಮೇಲಂತೂ ತಂಗುವ ಪ್ರಶ್ನೆಯೇ ಇಲ್ಲ, ರಾತ್ರಿ ಹತ್ತಾದರೂ ಮನೆ ಸೇರುತ್ತಾರೆ. ತಂಗುವವರು ಪ್ರವಾಸಿಗರು; ಅವರಿಗೆ ಆನೆಗೊಂದಿ, ಸಾಣಾಪುರದಲ್ಲಿ ಹೋಂಸ್ಟೇಗಳಿವೆ. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರಲ್ಲಿ ಕೆಡವಿದರು.

ಎಲ್ಲಕ್ಕಿಂತ ನಿಧಾನವಾಗಿ ಬದಲಾದದ್ದು ಹೋಟೆಲಿನ ಒಳಗೆ ಯಾರು ಕೂರಬಹುದು ಎಂಬುದು. ದಲಿತರಿಗೆ ಬೇರೆ ಲೋಟ, ಹೊರಗೇ ನಿಂತು ಕುಡಿಯಬೇಕು ಎಂಬುದು ತೀರಾ ಹಳೆಯ ಕಥೆಯಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲು ಪ್ರವೇಶದ ತಕರಾರು ಬೆಳೆದು 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಈಗ ಎಷ್ಟೋ ಕಡೆ ಎಲ್ಲರಿಗೂ ಪೇಪರ್ ಕಪ್ಪು. ಯಾವ ಲೋಟ ಯಾರಿಗೆ ಎಂಬ ಜಗಳ ಇಲ್ಲ. ಆ ಕಪ್ಪು ಹಿಡಿದು ಬೆಂಚಿನ ಮೇಲೆ ಕೂರುತ್ತಾರೋ, ಹೊರಗೆ ನಿಲ್ಲುತ್ತಾರೋ, ಅದನ್ನು ನೀವೇ ಬಂದು ನೋಡಿ.