ಫಾರ್ಮ್ಯಾಟ್‌ಗಿಂತ ಮೊದಲ ಹಾರ್ಡ್‌ಡಿಸ್ಕ್ ನೋಡ್ರಿ

ಬಾಗಲಕೋಟಿ ಅಂಗಡಿಯ ಕಂಪ್ಯೂಟರ್ ಚಾಲೂ ಆಗಾಕ ಹತ್ತು ನಿಮಿಷ ಬೇಕು, ಲೆಕ್ಕ ಬರಿಯೋ ಟ್ಯಾಲಿ ಸಾಫ್ಟ್‌ವೇರ್ ತೆರೆದ್ರ ನಿಂತಬಿಡತೈತಿ, ಒಳಗ ಟಿಕ್ ಟಿಕ್ ಸಪ್ಪಳ, ಫಾರ್ಮ್ಯಾಟ್ ಮಾಡಿಸ್ಲೇನು ಅಂತ ಕೇಳೀರಿ. ಈಗ ಬ್ಯಾಡ್ರಿ ಸರ್. ಮೊದಲ ಟ್ಯಾಲಿ ಡೇಟಾ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿ ತೆಗೆದಿಡ್ರಿ.

ಆಮ್ಯಾಲೆ ಟಾಸ್ಕ್ ಮ್ಯಾನೇಜರ್ ತೆರೀರಿ, ಡಿಸ್ಕ್, ಮೆಮೊರಿ ಎಷ್ಟು ಬಳಕೆ ಆಗ್ತೈತಿ ಅಂತ ವಿಂಡೋಸ್ ಅಲ್ಲಿ ತೋರಸ್ತೈತಿ. ಡಿಸ್ಕ್ 100% ಇದ್ದು, ಓದೋ ವೇಗ ಮಾತ್ರ ಕೆಬಿ ಲೆಕ್ಕದಾಗ, ರೆಸ್ಪಾನ್ಸ್ ಟೈಮ್ ಸಾವಿರ ಮಿಲಿಸೆಕೆಂಡ್ ದಾಟಿದ್ರ ಡಿಸ್ಕ್ ಮ್ಯಾಲೇ ಗುಮಾನಿ. ಮೆಮೊರಿನೂ 90% ಮ್ಯಾಲಿದ್ರ ರ‍್ಯಾಮ್ ಸಾಲವಲ್ದು ಅಂತ ತಿಳೀರಿ. ಆಗೂ ವಿಂಡೋಸ್ ಡಿಸ್ಕನ್ನ ಗೋಳಾಡಸ್ತೈತಿ.

ಖಾತ್ರಿ ಬೇಕಂದ್ರ ಡಿಸ್ಕಿನ ಆರೋಗ್ಯ ತೋರ್ಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ರಿ, ಪುಕ್ಕಟೆ ಸಿಗತೈತಿ. ಅದರಾಗ 05, ಸಿ5, ಸಿ6 ನಂಬರಿನ ಮೂರು ಸಾಲಿನ ರಾ ವ್ಯಾಲ್ಯೂ (ಮೂಲ ಎಣಿಕೆ) ಸೊನ್ನೆ ಇರಬೇಕು. 05 ಅಂದ್ರ ಕೆಟ್ಟು ಬದಲಿ ಜಾಗಕ್ಕ ಹೋದ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು), ಸಿ5 ಅಂದ್ರ ಓದಾಕ ಬರದ ಬಾಕಿ ಉಳಿದವು, ಸಿ6 ಅಂದ್ರ ಸರಿಪಡಿಸಾಕ ಆಗದವು. ನಿಧಾನಕ್ಕ ಮುಖ್ಯ ಕಾರಣ ಈ ಸಿ5: ಡಿಸ್ಕ್ ಅದೇ ಜಾಗಾನ ಮತ್ತ ಮತ್ತ ಓದಾಕ ಹೆಣಗತೈತಿ, ವಿಂಡೋಸ್ ಕಾಯ್ಕೋತ ಕೂಡ್ತೈತಿ. ಮೂರೂ ಸೊನ್ನೆ ಇದ್ದು ಸಿ7 (ಡೇಟಾ ಸಾಗೋವಾಗ ಆದ ತಪ್ಪಿನ ಎಣಿಕೆ) ಅಷ್ಟ ಏರ್ತಿದ್ರ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಟಾ ಕೇಬಲ್ ಬದಲಿಸ್ರಿ. ಹಳೇ ಎಣಿಕೆ ಇಳಿಯೂದಿಲ್ಲ, ಮುಂದ ಏರಬಾರದು ಅಷ್ಟ.

ಸಿ5 ಏರಿದ ಡಿಸ್ಕಿಗೆ ವಿಂಡೋಸಿನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಹಚ್ಚಬ್ಯಾಡ್ರಿ. ತಾಸುಗಟ್ಟಲೆ ತಿಕ್ಕಾಡಿ ಉಳಿದಷ್ಟೂ ಕೆಡಬಹುದು. ಅದರ ಬದಲಿಗೆ ತಿರುಗೋ ಭಾಗ ಇಲ್ಲದ, ವೇಗದ 256 ಜಿಬಿ ಸಾಟಾ ಎಸ್‌ಎಸ್‌ಡಿ ತಗೊಂಡು ವಿಂಡೋಸ್ ಹೊಸದಾಗಿ ಹಾಕಿಸ್ರಿ. ಕರೆಂಟ್ ಪದೇ ಪದೇ ಹೋಗತಿದ್ರ ಯುಪಿಎಸ್ ಬ್ಯಾಟರಿನೂ ತೋರಿಸ್ರಿ. ಆ ಮೂರು ಸಾಲಿನ ಫೋಟೋ ಇಲ್ಲಿ ಹಾಕಿದ್ರ ನೋಡಿ ಹೇಳ್ತೀನಿ.